ಭಾಗಾಕಾರದ ಘಟಕ ಸದಾ ಬಿಡುವಾಗಿದೆ ಎಂದು ಕಂಪೈಲರ್ ನಂಬಿದ್ದಾಗ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಮೂವರು ಕಟ್ಟುತ್ತಿರುವ ರಿಸ್ಕ್-ಫೈವ್ (ಯಾರೂ ಬಳಸಬಹುದಾದ ಮುಕ್ತ ಸೂಚನಾ ಗುಚ್ಛ) ಪ್ರೊಸೆಸರ್ ಸೂಚನೆಗಳನ್ನು ಬಂದ ಕ್ರಮದಲ್ಲೇ ನಡೆಸುತ್ತದೆ. ಎಲ್‌ಎಲ್‌ವಿಎಂ ಕಂಪೈಲರ್‌ನಲ್ಲಿ ಸೂಚನೆಗಳ ಕ್ರಮ ನಿರ್ಧರಿಸುವ ಶೆಡ್ಯೂಲರ್ ಎರಡು ಭಾಗಾಕಾರಗಳನ್ನು ಒಂದರ ಬೆನ್ನಿಗೊಂದು ಇಡುತ್ತಿತ್ತು. ನಮ್ಮ ಭಾಗಾಕಾರ ಘಟಕಕ್ಕೆ ಪೈಪ್‌ಲೈನ್ ಇಲ್ಲ: ಒಂದು ಮುಗಿಯದೆ ಅದು ಇನ್ನೊಂದನ್ನು ಆರಂಭಿಸದು. ಎರಡನೆಯದು 33 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಕಾಯುತ್ತಿತ್ತು, ನಡುವೆ ಸೇರಬೇಕಾದ ಸಂಕಲನಗಳು ಕೆಳಗೇ ಉಳಿಯುತ್ತಿದ್ದವು.

ಪ್ರೊಸೆಸರ್‌ನ ಸಮಯದ ಲೆಕ್ಕವನ್ನು ಕಂಪೈಲರ್‌ಗೆ ತಿಳಿಸುವ ಶೆಡ್ಯೂಲಿಂಗ್ ಮಾದರಿಯಲ್ಲಿ ಲೇಟೆನ್ಸಿ ಏರಿಸಿದೆ, ಇಶ್ಯೂವಿಡ್ತ್ (ಒಂದು ಸೈಕಲ್‌ನಲ್ಲಿ ಆರಂಭಿಸಬಹುದಾದ ಸೂಚನೆಗಳ ಮಿತಿ) ಇಳಿಸಿದೆ. ಉಪಯೋಗವಾಗಲಿಲ್ಲ. ಲೇಟೆನ್ಸಿ ಹೇಳುವುದು ಫಲಿತಾಂಶ ಯಾವಾಗ ಸಿಗುತ್ತದೆ ಎಂಬುದನ್ನು ಮಾತ್ರ. ಘಟಕ ಯಾವಾಗ ಬಿಡುವಾಗುತ್ತದೆ ಎಂಬುದನ್ನಲ್ಲ.

ಸರಿಹೋದದ್ದು ಹೀಗೆ: ಮಾದರಿಯಲ್ಲಿ ಮೈಕ್ರೋಆಪ್‌ಬಫರ್‌ಸೈಜ್ = 0, ಅಂದರೆ ಸೂಚನೆಗಳು ಬಂದ ಕ್ರಮದಲ್ಲೇ ನಡೆಯುತ್ತವೆ. ಭಾಗಾಕಾರದ ಪ್ರಾಕ್‌ರಿಸೋರ್ಸ್‌ನಲ್ಲಿ (ಘಟಕವನ್ನು ವಿವರಿಸುವ ನಮೂದು) ಬಫರ್‌ಸೈಜ್ = 0; ಬರೆಯದಿದ್ದರೆ ಅದು -1 ಆಗಿ, ಘಟಕ ಕಾಯ್ದಿರಿಸಲ್ಪಡುವುದೇ ಇಲ್ಲ. ನಂತರ ರೈಟ್‌ರೆಸ್‌ನಲ್ಲಿ (ಸೂಚನೆ ಆ ಘಟಕವನ್ನು ಹೇಗೆ ಬಳಸುತ್ತದೆ ಎಂಬ ನಮೂದು) ಲೇಟೆನ್ಸಿ = 33, ರಿಲೀಸ್‌ಅಟ್‌ಸೈಕಲ್ಸ್ = [33]. ಘಟಕ ಎಷ್ಟು ಸೈಕಲ್ ನಂತರ ಬಿಡುವಾಗುತ್ತದೆ ಎಂದು ಹೇಳುವ ಈ ಕೊನೆಯದೇ ಮುಖ್ಯ: ಬಿಟ್ಟರೆ ಕಂಪೈಲರ್ 1 ಎಂದು ಹಿಡಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ರಿಸೋರ್ಸ್‌ಸೈಕಲ್ಸ್. ಬದಲಾವಣೆಯ ಮೊದಲು ಮತ್ತು ನಂತರದ ಅಸೆಂಬ್ಲಿಯನ್ನು, ಸೂಚನೆಗಳು ತೆಗೆದುಕೊಳ್ಳುವ ಸೈಕಲ್‌ಗಳನ್ನು ಅಂದಾಜಿಸುವ ಎಲ್‌ಎಲ್‌ವಿಎಂ-ಎಂಸಿಎಯ ಟೈಮ್‌ಲೈನ್ ನೋಟದಲ್ಲಿ ಹೋಲಿಸಿ ನೋಡಿ.