ಅಟ್ಟದಿಂದ ಇಳಿಸಿದ ಟ್ರಂಪೆಟ್

ಮೊದಲು ನೋಡಿದ ಟ್ರಂಪೆಟ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಂಗಳೂರಿನಲ್ಲಿ ಒಬ್ಬರು 7,000 ರೂಪಾಯಿ ಹೇಳಿದ್ದರು. ನಾನು ದುಡ್ಡು ಹಿಡಿದುಕೊಂಡೇ ಹೋಗಿದ್ದೆ. ಜೊತೆಗೆ ಬಂದಿದ್ದ ಬ್ಯಾಂಡ್ ಮಾಸ್ಟ್ರು ಅದನ್ನು ಊದಲೇ ಇಲ್ಲ. ಟ್ರಂಪೆಟ್ಟಿನಲ್ಲಿ ಗುಂಡಿ ಒತ್ತಿ ಗಾಳಿಯ ದಾರಿ ಬದಲಿಸುವ ಮೂರು ವಾಲ್ವ್ ಇರುತ್ತವೆ. ಮೊದಲನೇ ವಾಲ್ವಿಗೆ ಸೇರಿದ ಬಾಗಿದ ಕೊಳವೆ, ಅಂದರೆ ಸ್ಲೈಡ್, ಅದನ್ನು ಸ್ವಲ್ಪ ಹೊರಗೆ ಎಳೆದು ಹಿಡಿದರು. ಎರಡು ಕ್ಷಣ ಬಿಟ್ಟು ಆ ವಾಲ್ವಿನ ಗುಂಡಿ ಒತ್ತಿದರು. ಏನೂ ಕೇಳಿಸಲಿಲ್ಲ.

"ಪಟ್ ಅಂತ ಸದ್ದು ಬರಬೇಕು ಮಾರಾಯ. ಇದರಲ್ಲಿ ಗಾಳಿ ನಿಲ್ಲುದಿಲ್ಲ" ಎಂದರು.

ಸ್ಲೈಡ್ ಎಳೆದಾಗ ಒಳಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ವಾಲ್ವ್ ಗಟ್ಟಿಯಾಗಿದ್ದರೆ ಹಾಗೇ ಹಿಡಿದಿಡುತ್ತದೆ, ಗುಂಡಿ ಒತ್ತಿದ ಕೂಡಲೇ ಹೊರಗಿನ ಗಾಳಿ ಪಟ್ಟನೆ ನುಗ್ಗುತ್ತದೆ. ಸವೆದ ವಾಲ್ವಿನಲ್ಲಿ ಹೊರಗಿನ ಗಾಳಿ ಮೊದಲೇ ಸೋರಿ ಒಳಗೆ ಬಂದಿರುತ್ತದೆ. ಸವೆದ ವಾಲ್ವನ್ನು ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ. ಹೊಳಪು ಯಾವಾಗ ಬೇಕಾದರೂ ಬರಿಸಬಹುದು. ಹಳೇ ಟ್ರಂಪೆಟ್ ತೆಗೆದುಕೊಳ್ಳುವವರಿಗೆ ನಾನು ಹೇಳುವುದು ಇದೊಂದೇ: ಬಣ್ಣ ನೋಡಬೇಡಿ, ಗಾಳಿ ನೋಡಿ.

ನನಗೆ ಈ ಹುಚ್ಚು ಹಿಡಿದದ್ದು ಬೇಳ ಇಗರ್ಜಿಯ ಹಬ್ಬದ ದಿನ. ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಮನೆಯಲ್ಲಿ ಯಕ್ಷಗಾನದ ವಾತಾವರಣ. ಮಾವ ತಾಳಮದ್ದಳೆಗೆ ಪದ ಹೇಳುತ್ತಾರೆ. ಆದರೆ ಊದುವ ವಾದ್ಯ ನಮ್ಮಲ್ಲಿ ಯಾರೂ ಮುಟ್ಟಿದವರಲ್ಲ. ಮೆರವಣಿಗೆಯ ಬ್ಯಾಂಡ್‌ಸೆಟ್ಟಿನ ಹಿಂದೆಯೇ ನಡೆದು, ಮುಗಿದ ಮೇಲೆ ಮಾಸ್ಟ್ರನ್ನು ಮಾತನಾಡಿಸಿದೆ. ಅವರು ಕಲಿಸಲು ಒಪ್ಪಿದರು.

ಕೊನೆಗೆ ಸಿಕ್ಕಿದ್ದು ಉಪ್ಪಳದ ಒಂದು ಮನೆಯ ಅಟ್ಟದಲ್ಲಿ. ಹಿಂದೆ ಮದುವೆ ಬ್ಯಾಂಡಿನಲ್ಲಿ ಊದುತ್ತಿದ್ದವರ ಟ್ರಂಪೆಟ್ ಅದು. ಮೇರಠ್‌ನಲ್ಲಿ ಮಾಡಿದ್ದು. ನಮ್ಮ ದೇಶದ ಬ್ಯಾಂಡ್ ವಾದ್ಯಗಳು ಜಾಸ್ತಿ ಬರುವುದು ಆ ಊರಿನಿಂದಲೇ, ಅಲ್ಲಿನ ಜಾಲಿ ಕೋಠಿ ಅದಕ್ಕೆ ಹೆಸರಾದ ಜಾಗ. ಮೈಯೆಲ್ಲ ಕಪ್ಪಾಗಿ, ಸಂದಿಗಳಲ್ಲಿ ಹಸಿರು ಕಿಲುಬು ಕೂತಿತ್ತು. ಆದರೆ ಒಂದನೇ ಮತ್ತು ಎರಡನೇ ವಾಲ್ವ್ ಪಟ್ ಅಂದವು. ಮೂರನೆಯದು ಅರ್ಧ ಇಳಿದು ಸಿಕ್ಕಿಕೊಂಡಿತ್ತು. ತುಟಿಗೆ ಹಿಡಿದು ಊದುವ ಮೌತ್‌ಪೀಸ್ ಕೈಯಲ್ಲೇ ಬಿಟ್ಟು ಬಂತು. ಅದು ದೊಡ್ಡ ಭಾಗ್ಯ. ಅದು ಅಂಟಿಕೊಂಡಿದ್ದರೆ ಇಕ್ಕಳ ಹಾಕಿ ತಿರುಗಿಸಲು ಹೋಗಬಾರದು, ಕೊಳವೆಯೇ ತಿರುಚಿಕೊಳ್ಳುತ್ತದೆ. ಅದನ್ನು ಬಿಡಿಸಲು ಬೇರೆ ಸಲಕರಣೆ ಉಂಟು.

ಮಾಸ್ಟ್ರು ಇನ್ನೊಂದು ನೋಡಿದರು. ಮೌತ್‌ಪೀಸ್ ಸಿಕ್ಕಿಸುವ ಮೊದಲನೇ ಕೊಳವೆಯ ಮೇಲೆ ಕೆಂಪು ಚುಕ್ಕೆಗಳಿವೆಯೇ ಎಂದು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಊದಿದಾಗ ಎಂಜಲು, ಬಿಸಿ ಉಸಿರಿನ ತೇವ ಜಾಸ್ತಿ ನಿಲ್ಲುವುದು ಆ ಕೊಳವೆಯಲ್ಲಿ. ವರ್ಷಗಟ್ಟಲೆ ತೊಳೆಯದೆ ಬಿಟ್ಟರೆ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿಯುತ್ತದೆ. ಒಳಗಿನಿಂದ ಕೊಳೆತು ಹೊರಗೆ ಕೆಂಪು ಚುಕ್ಕೆಯಾಗಿ ಕಾಣುತ್ತದೆ. ಇದರಲ್ಲಿ ಇರಲಿಲ್ಲ. 3,000ಕ್ಕೆ ಮಾತು ಮುಗಿಯಿತು.

ಮನೆಗೆ ತಂದ ದಿನವೇ ಒಂದು ತಪ್ಪು ಮಾಡಿದೆ. ಅಮ್ಮ ದೀಪ ತಿಕ್ಕಲು ಬಿಂಬುಳಿ ಎಂಬ ಹುಳಿ ಕಾಯಿ ಕುಯ್ದಿಟ್ಟಿದ್ದರು. ಅದರಲ್ಲೇ ನಾಲ್ಕು ತೆಗೆದು ಟ್ರಂಪೆಟ್ಟಿನ ಅಗಲ ಬಾಯಿಗೆ ಉಜ್ಜಿದೆ. ಕಪ್ಪು ಹೋಯಿತು ನಿಜ. ಅದರ ಜೊತೆಗೆ ಅಲ್ಲಲ್ಲಿ ಉಳಿದಿದ್ದ ಲ್ಯಾಕರ್, ಅಂದರೆ ಮೇಲಿನ ಪಾರದರ್ಶಕ ಲೇಪ, ಎದ್ದು, ಅಂಗೈಯಗಲ ಜಾಗ ಗುಲಾಬಿ ಬಣ್ಣಕ್ಕೆ ತಿರುಗಿತು. ಹುಳಿ ಹಾಕಿ ತೊಳೆದ ದೀಪ ಕೆಂಪಗೆ ಕಾಣುವುದೂ ಇದೇ ಕಾರಣಕ್ಕೆ. ಹುಳಿ ಮೇಲ್ಮೈಯ ಸತುವನ್ನು ತೆಗೆದುಬಿಡುತ್ತದೆ. ದೀಪ ದಪ್ಪ ಇರುತ್ತದೆ, ತಡೆಯುತ್ತದೆ. ಟ್ರಂಪೆಟ್ಟಿನ ತಗಡು ಅರ್ಧ ಮಿಲಿಮೀಟರಿನ ಆಸುಪಾಸು. ಆಮೇಲೆ ಹುಳಿಯ ಸುದ್ದಿಗೆ ಹೋಗಲಿಲ್ಲ.

ಸರಿಯಾದ ಕ್ರಮ ತುಂಬ ಸುಲಭ. ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ಹಳೇ ಟವೆಲ್ ಹಾಸಿ, ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದೆ. ಕುದಿನೀರು ಬೇಡ, ಲ್ಯಾಕರ್ ಏಳುತ್ತದೆ. ಸಿಕ್ಕಿಕೊಂಡಿದ್ದ ಮೂರನೆಯದನ್ನು ಬಿಟ್ಟು ಉಳಿದ ವಾಲ್ವ್‌ಗಳನ್ನು ಹೊರಗೆ ತೆಗೆದಿಟ್ಟೆ. ಅವುಗಳ ಮೇಲಿನ ಫೆಲ್ಟ್, ಅಂದರೆ ಉಣ್ಣೆಯ ಮೆತ್ತೆ, ನೆನೆಯಬಾರದು. ಅರ್ಧ ಗಂಟೆ ಬಿಟ್ಟು ಉದ್ದನೆಯ ಬ್ರಶ್ ತೂರಿಸಿದೆ. ಮೊದಲು ಕರಿ ನೀರು ಬಂತು. ಆಮೇಲೆ ಹಸಿರು ಚಕ್ಕೆ. ಆಮೇಲೆ ಕೆಂಪು ಮಣ್ಣಿನ ಉಂಡೆಗಳು, ಒಂದರ ಹಿಂದೆ ಒಂದು. ಕುಂಬಾರ ಹುಳ ಒಳಗೆ ಗೂಡು ಕಟ್ಟಿತ್ತು! ಒಂದು ಉಂಡೆ ಒಡೆದು ನೋಡಿದೆ. ಒಳಗೆ ಒಣಗಿದ ಜೇಡದ ಕಾಲುಗಳು.

ಎಲ್ಲಕ್ಕಿಂತ ಕಷ್ಟವಾದದ್ದು ಮುಂದಿನ ಟ್ಯೂನಿಂಗ್ ಸ್ಲೈಡ್. ಪೂರ್ತಿ ಒಳಗೆ ಹೋಗಿ ಬೆಸುಗೆ ಹಾಕಿದ ಹಾಗೆ ಕೂತಿತ್ತು. ಅದು ಹೊರಗೆ ಬರದಿದ್ದರೆ ಶ್ರುತಿ ಇಳಿಸಲು ದಾರಿಯೇ ಇಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಸಂದಿಗೆ ಹನಿ ಹನಿ ಬಿಟ್ಟು ರಾತ್ರಿಯಿಡೀ ಇಟ್ಟೆ. ಮೂರು ದಿನ ಹೀಗೇ. ನಾಲ್ಕನೇ ದಿನ ಬೈರಾಸು ಬಟ್ಟೆಯನ್ನು ಕೊಳವೆಯ ಬಾಗಿನ ಸಂದಿಯಲ್ಲಿ ತೂರಿಸಿ, ಎರಡು ತುದಿಯನ್ನೂ ಕೈಗೆ ಸುತ್ತಿ, ನೇರಕ್ಕೆ ಜಗ್ಗಿದೆ. ಓರೆಯಾದರೆ ಕೊಳವೆ ಬಗ್ಗುತ್ತದೆ, ಅದಕ್ಕೆ ತಮ್ಮ ಎದುರಿಗೆ ಕೂತು ಹಿಡಿದುಕೊಂಡಿದ್ದ. ಐದಾರು ಸಲ ಏನೂ ಆಗಲಿಲ್ಲ. ಆಮೇಲೆ ಕಿರ್ ಅಂದು ಕೂದಲೆಳೆಯಷ್ಟು ಸರಿಯಿತು. ಆ ಸದ್ದು ನಾನು ಮರೆಯುವುದಿಲ್ಲ.

ಊದುವಾಗ ಒಳಗೆ ಸೇರುವ ನೀರನ್ನು ಹೊರಗೆ ಬಿಡುವ ಸಣ್ಣ ಕೀಲಿಯ ಕಾರ್ಕ್ ಪುಡಿಯಾಗಿತ್ತು. ಅಜ್ಜನ ಹಳೇ ಅರಿಷ್ಟದ ಬಾಟ್ಲಿಯ ಬಿರಡೆಯನ್ನು ಬ್ಲೇಡಿನಲ್ಲಿ ಕೊಯ್ದು ಅಂಟಿಸಿದೆ. ಇವತ್ತಿಗೂ ಅದೇ ಉಂಟು.

ಮೂರನೇ ವಾಲ್ವನ್ನು ಮಾತ್ರ ನಾನು ಮುಟ್ಟಲಿಲ್ಲ. ವಾಲ್ವ್ ಕೂರುವ ಗೂಡಿನ ಮೇಲೆ ಸಣ್ಣ ಪೆಟ್ಟು ಬಿದ್ದಿತ್ತು. ವಾಲ್ವಿಗೂ ಗೂಡಿಗೂ ಮಧ್ಯೆ ಇರುವ ಜಾಗ ಕೂದಲಿಗಿಂತ ಸಪೂರ, ಉಪ್ಪುಕಾಗದ ತಾಗಿಸಿದರೆ ಮುಗಿಯಿತು. ಮಂಗಳೂರಿನಲ್ಲಿ ರಿಪೇರಿ ಮಾಡುವವರೊಬ್ಬರು 800 ತೆಗೆದುಕೊಂಡು ಸರಿ ಮಾಡಿಕೊಟ್ಟರು. ಮೈಮೇಲಿನ ಉಳಿದ ತಗ್ಗುಗಳನ್ನು ಹಾಗೇ ಬಿಟ್ಟೆ.

ಎಲ್ಲಾ ಜೋಡಿಸಿ ಊದಿದರೆ ಗಾಳಿಯೇ ಹೋಗಲಿಲ್ಲ. ಎದೆ ಧಸಕ್ಕೆಂದಿತು. ನೋಡಿದರೆ ಒಂದನೇ ಮತ್ತು ಮೂರನೇ ವಾಲ್ವ್ ಅದಲು ಬದಲಾಗಿತ್ತು. ಒಂದೊಂದರ ತೂತುಗಳೂ ಬೇರೆ ಬೇರೆ ಕಡೆಗೆ ಇರುತ್ತವೆ. ವಾಲ್ವಿನ ಮೇಲೆ 1, 2, 3 ಎಂದು ಕೆತ್ತಿರುವುದು ಅದಕ್ಕೇ. ಎಣ್ಣೆಯ ವಿಷಯದಲ್ಲೂ ಜಾಗ್ರತೆ. ಅಮ್ಮ ತೆಂಗಿನೆಣ್ಣೆ ಕೊಟ್ಟರು, ಮಾಸ್ಟ್ರು ಬೇಡವೇ ಬೇಡ ಎಂದರು. ಡಿಸೆಂಬರ್ ಬೆಳಿಗ್ಗೆ ಬಾಟ್ಲಿಯಲ್ಲಿ ಗಟ್ಟಿಯಾಗುವ ಎಣ್ಣೆ ವಾಲ್ವಿನಲ್ಲೂ ಗಟ್ಟಿಯಾಗುತ್ತದೆ. ವಾಲ್ವ್ ಎಣ್ಣೆ ಎಂದೇ ನೀರಿನಷ್ಟು ತೆಳುವಾದದ್ದು ಸಿಗುತ್ತದೆ. ಸ್ಲೈಡಿಗೆ ವ್ಯಾಸಲೀನ್ ಸಾಕು.

ಗುಂಡಿ ಯಾವುದನ್ನೂ ಒತ್ತದೆ ಊದಿದರೆ ಈ ಟ್ರಂಪೆಟ್ಟಿನ ಮೂಲ ಸ್ವರ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಐದು, ಅಂದರೆ ಐದನೇ ಕಪ್ಪು ಮನೆ. ಎರಡನೇ ಗುಂಡಿ ಅರ್ಧ ಸ್ವರ ಇಳಿಸುತ್ತದೆ, ಒಂದನೆಯದು ಒಂದು, ಮೂರನೆಯದು ಒಂದೂವರೆ. ಮಾವ ಶ್ರುತಿಪೆಟ್ಟಿಗೆಯನ್ನು ಕಪ್ಪು ಐದಕ್ಕೆ ಇಟ್ಟು ಜಗಲಿಯಲ್ಲಿ ಕೂತರು. ನಾನು ಅಂಗಳದಲ್ಲಿ, ಒಣಗಲು ಹಾಕಿದ ಅಡಕೆಯ ಪಕ್ಕ ನಿಂತು ಊದಿದೆ. "ಸ್ವಲ್ಪ ಮೇಲುಂಟು, ಇಳಿಸು" ಎಂದರು. ಟ್ಯೂನಿಂಗ್ ಸ್ಲೈಡನ್ನು ಹೆಬ್ಬೆರಳಿನಲ್ಲಿ ತಳ್ಳಿದೆ. ಕಾಲಿಂಚು ಸಲೀಸಾಗಿ ಹೊರಗೆ ಬಂತು. ಇನ್ನೊಮ್ಮೆ ಊದಿದೆ. ಮಾವ ಏನೂ ಹೇಳದೆ ಕಣ್ಣು ಮುಚ್ಚಿ ತಲೆದೂಗಿದರು.