ಗೋಕರ್ಣದಿಂದ ಜೋಗಕ್ಕೆ ಸೈಕಲ್: ಹತ್ತುವುದಿರಲಿ, ಇಳಿಯುವುದನ್ನು ಕಲಿಯಿರಿ

ಮಳೆ ನಿಂತು ದೀಪಾವಳಿ ಕಳೆದರೆ ಸಾಕು, ನಮ್ಮ ಕುಮಟಾ ಕಡೆ ಸೈಕಲ್ ಗುಂಪುಗಳು ಬರಲು ಶುರು. ಹೊಸ ಸೈಕಲ್, ಹೊಸ ಹೆಲ್ಮೆಟ್, ಮೈಗಂಟಿದ ಬಣ್ಣದ ಅಂಗಿ. ಚಹಾ ಕುಡಿಯಲು ನಿಂತವರು ಕೇಳುವುದು ಒಂದೇ ಪ್ರಶ್ನೆ: "ಸರ್, ಘಟ್ಟ ಹತ್ತೋಕಾಗತ್ತಾ?" ಇಳಿಯುವುದರ ಬಗ್ಗೆ ಈವರೆಗೆ ಒಬ್ಬರೂ ಕೇಳಿಲ್ಲ. ಹತ್ತುವಾಗ ಸುಸ್ತಾದರೆ ಕೆಳಗಿಳಿದು ತಳ್ಳಿಕೊಂಡು ಹೋಗಬಹುದು. ಕೈಕಾಲು ಕೆತ್ತಿಸಿಕೊಂಡು ಬಂದವರೆಲ್ಲ ಇಳಿಯುವಾಗ ಬಿದ್ದವರೇ.

ದಾರಿ ಇದು. ಮೊದಲ ದಿನ ಗೋಕರ್ಣ, ತದಡಿ, ಅಘನಾಶಿನಿ, ಕುಮಟಾ ಮೇಲೆ ಹೊನ್ನಾವರ. ಎರಡನೇ ದಿನ ಶರಾವತಿ ಕಣಿವೆಯಲ್ಲಿ ಗೇರುಸೊಪ್ಪ, ಘಟ್ಟ ಹತ್ತಿ ಮಾವಿನಗುಂಡಿ, ಜೋಗ. ಅಲ್ಲೇ ಉಳಿದು ಮೂರನೇ ದಿನ ಬೆಳಗ್ಗೆ ಇಳಿಯುವುದು. ಎರಡೇ ದಿನದಲ್ಲಿ ಮುಗಿಸುತ್ತೇವೆ ಅನ್ನುವವರು ಇರುತ್ತಾರೆ. ಅವರು ಜೋಗದಲ್ಲಿ ಒಂದು ಫೋಟೊ ತೆಗೆದು, ಸುಸ್ತಾದ ಕೈಯಲ್ಲಿ, ಕತ್ತಲಾಗುವ ಹೊತ್ತಿಗೆ ಘಟ್ಟ ಇಳಿಯುತ್ತಾರೆ. ಬೇಡ.

ಯಾವಾಗ

ನವೆಂಬರಿನಿಂದ ಫೆಬ್ರುವರಿ. ಮಾರ್ಚ್ ಮೇಲೆ ಕರಾವಳಿಯ ಸೆಖೆ ಜೀವ ಹಿಂಡುತ್ತದೆ. ಮಳೆಗಾಲದಲ್ಲಿ ಹಸಿರು ಚೆಂದ, ನಿಜ. ಆದರೆ 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಕುಸಿದದ್ದು ನೆನಪಿದೆಯಲ್ವಾ? ಗುಡ್ಡ ಕಡಿದು ಮಾಡಿದ ರಸ್ತೆಗಳಲ್ಲಿ ಆಷಾಢದಲ್ಲಿ ಸೈಕಲ್ ತುಳಿಯುವುದು ಶೌರ್ಯವಲ್ಲ.

ಸೈಕಲ್ ತಯಾರಿ

ಬ್ರೇಕ್ ರಬ್ಬರ್ ಅಥವಾ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಹೊರಡುವ ಮೊದಲೇ ಬದಲಿಸಿ. ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಪಟ್ಟಿ, ಹಿಂದೆ ಕೆಂಪು ದೀಪ. ಇಷ್ಟು ಸಾಕು. ಸೀಟಿನ ಮೇಲೆ ಹಾಕುವ ಮೆತ್ತನೆ ಜೆಲ್ ಕವರ್ ಮಾತ್ರ ತರಬೇಡಿ. ಇಪ್ಪತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಅದು ಒಂದು ಕಡೆ ಸರಿದು ತೊಡೆ ಉಜ್ಜಲು ಶುರುಮಾಡುತ್ತದೆ. ಅದೇ ದುಡ್ಡಿಗೆ ಪ್ಯಾಡ್ ಇರುವ ಚಡ್ಡಿ ಬರುತ್ತದೆ.

ಹೆದ್ದಾರಿ ಬಿಡಿ, ಬಾರ್ಜ್ ಹಿಡಿಯಿರಿ

ಫೋನಿನ ನಕ್ಷೆ ಕೇಳಿದರೆ ಗೋಕರ್ಣದಿಂದ ಕುಮಟಾಕ್ಕೆ ಹೆದ್ದಾರಿ 66 ತೋರಿಸುತ್ತದೆ. ಸುಮಾರು 30 ಕಿಲೋಮೀಟರ್, ಲಾರಿಗಳ ಗಾಳಿ, ಎದುರಿನಿಂದ ರಾಂಗ್ ಸೈಡಲ್ಲಿ ಬರುವ ಸ್ಕೂಟರುಗಳು. ಅದರ ಬದಲು ತದಡಿ ಬಂದರಿಗೆ ಹೋಗಿ, ಬಾರ್ಜ್‌ನಲ್ಲಿ ಸೈಕಲ್ ಸಮೇತ ಅಳಿವೆ ದಾಟಿ, ಆಚೆ ದಡದ ಅಘನಾಶಿನಿ ಊರಿಗೆ ಇಳಿಯಿರಿ. ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲ ಬಾರ್ಜ್ ಎಷ್ಟು ಹೊತ್ತಿಗೆ ಅಂತ ಹಿಂದಿನ ಸಂಜೆಯೇ ಕೇಳಿಟ್ಟುಕೊಳ್ಳಿ.

ನೀರು ಇಳಿದ ಹೊತ್ತಾದರೆ ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಆರಿಸುವವರು ಕಾಣುತ್ತಾರೆ. ಈ ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ದಡದ ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಆ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕಾಗಾಲ, ಬಾಡ ಮೇಲೆ ಕುಮಟಾ ಸೇರುವವರೆಗೆ ಅವಸರ ಮಾಡಬೇಡಿ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟದ ತುಂಡು ಇದೇ. ಕುಮಟಾದಲ್ಲಿ ಬನ್ಸ್ ತಿಂದು, ಬಿಸಿಲು ಏರುವ ಮೊದಲು ಹೆದ್ದಾರಿಯ ಎಡ ಅಂಚು ಹಿಡಿದು ಹೊನ್ನಾವರ ಸೇರಿಕೊಳ್ಳಿ. ಸುಮಾರು 20 ಕಿಲೋಮೀಟರ್. ಅದರಲ್ಲಿ ಹೇಳುವಂಥದ್ದೇನಿಲ್ಲ.

ಹತ್ತುವುದು

ಹೊನ್ನಾವರದಿಂದ ಗೇರುಸೊಪ್ಪಕ್ಕೆ ಸುಮಾರು 30 ಕಿಲೋಮೀಟರ್. ಅಡಿಕೆ ತೋಟ, ತೆಂಗು, ಬಲಕ್ಕೆ ಆಗಾಗ ಇಣುಕುವ ಶರಾವತಿ. ಬೆಳಕು ಹರಿಯುವಾಗಲೇ ಹೊರಡಿ. ಗೇರುಸೊಪ್ಪದಲ್ಲಿ ಹೊಟ್ಟೆ, ಬಾಟಲಿ ಎರಡನ್ನೂ ತುಂಬಿಸಿಕೊಳ್ಳಿ. ಅಲ್ಲಿಂದ ಅತಿ ಚಿಕ್ಕ ಗೇರ್ ಹಾಕಿ, ಪಕ್ಕದವನ ಜೊತೆ ಮಾತಾಡಲು ಆಗುವಷ್ಟು ನಿಧಾನಕ್ಕೆ ತುಳಿಯುತ್ತಿರಿ. ಕಾಡಿನ ನೆರಳಿದೆ, ಹತ್ತುತ್ತೀರಿ. ಹತ್ತುವುದರ ಬಗ್ಗೆ ಇಷ್ಟೇ.

ಇಳಿಯುವುದು

ಈಗ ನಿಜವಾದ ವಿಷಯ. ಮೊದಲು ಒಂದು ಸಣ್ಣ ಲೆಕ್ಕ. ನೀವು, ಸೈಕಲ್, ಚೀಲ ಸೇರಿ 90 ಕೆ.ಜಿ. ಎಂದುಕೊಳ್ಳಿ. ಇಳಿಯಬೇಕಾದ ಎತ್ತರ ಸುಮಾರು 500 ಮೀಟರ್. ಅಷ್ಟು ಭಾರ ಅಷ್ಟು ಎತ್ತರದಿಂದ ಬರುವಾಗಿನ ಶಕ್ತಿಯನ್ನೆಲ್ಲ ಬ್ರೇಕೇ ನುಂಗಿದರೆ, ಒಂದು ಲೀಟರ್ ತಣ್ಣೀರು ಕುದಿಸಿ ಮಿಗುವಷ್ಟು ಬಿಸಿ ಹುಟ್ಟುತ್ತದೆ. ಸ್ವಲ್ಪ ವೇಗದಲ್ಲಿ ಹೋದರೆ ಗಾಳಿಯೂ ಅದರಲ್ಲಿ ಪಾಲು ತಗೊಳ್ಳುತ್ತದೆ. ಹೆದರಿ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಬಹುಪಾಲು ಬ್ರೇಕಿನ ತಲೆಗೇ.

ನನ್ನ ಗೆಳೆಯನೊಬ್ಬ ಹಾಗೇ ಬಂದ. ರಿಮ್ ಹಿಡಿಯುವ ಬ್ರೇಕಿನ ಸೈಕಲ್. ಬ್ರೇಕ್ ಹಿಡಿದ ಬೆರಳು ಒಮ್ಮೆಯೂ ಸಡಿಲಿಸಿರಲಿಲ್ಲ. "ಏನೋ ಸುಟ್ಟ ವಾಸ್ನೆ ಬರ್ತಿದೆ ಮಾರಾಯ, ಮುಂದಿನ ಲಾರಿದಿರಬೇಕು" ಅಂದ. ಮುಂದೆ ಲಾರಿಯೇ ಇರಲಿಲ್ಲ. ಇನ್ನೆರಡು ತಿರುವು ದಾಟುವಷ್ಟರಲ್ಲಿ ಢಂ ಅಂತ ಹಿಂದಿನ ಟ್ಯೂಬ್ ಒಡೆಯಿತು. ಪುಣ್ಯಕ್ಕೆ ಹಿಂದಿನದು, ಪುಣ್ಯಕ್ಕೆ ನೇರ ರಸ್ತೆ. ಬಾಟಲಿಯಿಂದ ರಿಮ್ ಮೇಲೆ ಹನಿಸಿದ ನೀರು ದೋಸೆ ಕಾವಲಿಯ ಮೇಲೆ ಬಿದ್ದಂತೆ ಚುಂಯ್ ಎಂದಿತು. ಡಿಸ್ಕ್ ಬ್ರೇಕಿನವರು ನಗಬೇಡಿ. ನಿಮ್ಮ ಟ್ಯೂಬ್ ಹೀಗೆ ಒಡೆಯುವುದಿಲ್ಲ, ಆದರೆ ಪ್ಯಾಡ್ ಕಾದು ಹಿಡಿತ ತಪ್ಪುತ್ತದೆ.

ಹಾಗಾದರೆ ಮಾಡಬೇಕಾದ್ದು ಏನು? ಬ್ರೇಕನ್ನು ಉಜ್ಜುತ್ತಾ ಇರಬೇಡಿ. ಹಿಡಿದು ಬಿಡಿ, ಹಿಡಿದು ಬಿಡಿ. ನೇರ ರಸ್ತೆಯಲ್ಲಿ ಸೈಕಲ್ ಓಡಲು ಬಿಡಿ. ತಿರುವು ಕಂಡ ಕೂಡಲೇ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಒಟ್ಟಿಗೆ ಗಟ್ಟಿಯಾಗಿ ಹಿಡಿದು ವೇಗ ಪೂರ್ತಿ ಇಳಿಸಿಕೊಳ್ಳಿ. ಸೈಕಲ್ ವಾಲುವ ಹೊತ್ತಿಗೆ ಬೆರಳು ಸಡಿಲವಾಗಿರಬೇಕು. ತಿರುವಿನ ಒಳಗೆ ಹೋದ ಮೇಲೆ ಗಾಬರಿಯಾಗಿ ಬ್ರೇಕ್ ಒತ್ತುತ್ತಾರಲ್ಲ, ಬೀಳುವುದು ಅಲ್ಲೇ.

ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಹೊಡೆಯುತ್ತೇವೆ ಅಂತ ಬಹಳ ಜನ ಬರೀ ಹಿಂದಿನದನ್ನೇ ಹಿಡಿಯುತ್ತಾರೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದಿನ ಚಕ್ರದ ಮೇಲಿರುತ್ತದೆ. ಹಗುರಾದ ಹಿಂದಿನ ಚಕ್ರ ಸುಲಭಕ್ಕೆ ಲಾಕ್ ಆಗಿ ಜಾರುತ್ತದೆ. ಸೊಂಟವನ್ನು ಸೀಟಿನ ಹಿಂಬದಿಗೆ ಸರಿಸಿ, ಮೊಣಕೈ ಮಡಚಿ ಸಡಿಲ ಬಿಡಿ. ಆಮೇಲೆ ಮುಂದಿನ ಬ್ರೇಕನ್ನು ಧೈರ್ಯವಾಗಿ, ಆದರೆ ಮೆಲ್ಲಗೆ ಒತ್ತುತ್ತಾ ಹೋಗಿ. ಜಲ್ಲಿ, ಮರಳು, ಒದ್ದೆ ಎಲೆ ಕಂಡರೆ ಮಾತ್ರ ಅದನ್ನು ಬಿಡಿ.

ತಿರುವಿನಲ್ಲಿ ಹೊರಬದಿಯ ಪೆಡಲ್ ಕೆಳಗಿರಲಿ, ಅದರ ಮೇಲೆ ಭಾರ ಹಾಕಿ. ಎಡ ತಿರುವಾದರೆ ಬಲಗಾಲು, ಬಲ ತಿರುವಾದರೆ ಎಡಗಾಲು. ಇಲ್ಲದಿದ್ದರೆ ಪೆಡಲ್ ರಸ್ತೆಗೆ ತಾಗುತ್ತದೆ. ಕಣ್ಣು ಗುಂಡಿಯ ಮೇಲೆ ನೆಟ್ಟರೆ ಚಕ್ರವೂ ಗುಂಡಿಗೇ ಹೋಗುತ್ತದೆ. ತಿರುವಿನಾಚೆ ಹೋಗಬೇಕಾದ ಜಾಗ ನೋಡಿ.

ಇನ್ನು ಬಸ್. ಕೆಳಗಿನಿಂದ ಬರುವ ಸಾರಿಗೆ ಬಸ್ಸಿಗೆ ಹೇರ್‌ಪಿನ್ ತಿರುವಿನಲ್ಲಿ ಇಡೀ ರಸ್ತೆ ಬೇಕು. ತಪ್ಪು ಡ್ರೈವರಿನದಲ್ಲ, ಬಸ್ಸಿನ ಉದ್ದ ಹಾಗಿದೆ. ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ. ಹಿಂದಿನಿಂದ ಬಂದ ವಾಹನಕ್ಕೂ ಅಷ್ಟೇ, ದಾರಿ ಕೊಟ್ಟುಬಿಡಿ. ಸಿನಿಮಾ ಥರ ಬಸ್ಸಿನ ಹಿಂದೆ ಅಂಟಿಕೊಂಡು ಇಳಿಯುವ ಹುಡುಗರನ್ನು ನೋಡಿದ್ದೇನೆ. ಬಸ್ ಗಕ್ಕನೆ ನಿಂತರೆ ಇವರಿಗೆ ರಸ್ತೆಯೂ ಕಾಣುವುದಿಲ್ಲ, ಸಮಯವೂ ಸಿಗುವುದಿಲ್ಲ.

ಮೂರ್ನಾಲ್ಕು ಕಿಲೋಮೀಟರಿಗೊಮ್ಮೆ ರಸ್ತೆ ಅಗಲ ಇರುವಲ್ಲಿ ನಿಲ್ಲಿ. ಐದು ನಿಮಿಷ ಬ್ರೇಕ್ ಆರಲಿ, ಬೆರಳೂ ಆರಲಿ. ಡಿಸ್ಕನ್ನು ಮುಟ್ಟಿ ನೋಡಬೇಡಿ, ಚರ್ಮ ಅಲ್ಲೇ ಉಳಿಯುತ್ತದೆ. ಮೇಲೆ ಮರದಲ್ಲಿ ಬಿಳಿ ಕೇಸರದ ಕಪ್ಪು ಮಂಗ ಕಂಡರೆ ಅದು ಸಿಂಗಳೀಕ, ಶರಾವತಿ ಕಣಿವೆ ಅದರ ಮನೆ. ಸುಮ್ನೆ ನೋಡಿ. ಬಾಳೆಹಣ್ಣು ಎಸೆಯಬೇಡಿ, ಆಸೆಗೆ ರಸ್ತೆಗಿಳಿದು ಕಾರಿಗೆ ಸಿಗುತ್ತದೆ.

ಬೆಳಗ್ಗೆ ಜೋಗದಲ್ಲಿ ಮಂಜಿದ್ದರೆ ಕರಗುವವರೆಗೆ ಕಾಯಿರಿ. 253 ಮೀಟರ್ ಜಲಪಾತವನ್ನು ಮತ್ತೊಮ್ಮೆ ನೋಡಿಕೊಂಡು ಬನ್ನಿ, ನವೆಂಬರಿನಲ್ಲಾದರೆ ನೀರೂ ಒಂದಿಷ್ಟು ಇರುತ್ತದೆ.

ಮನೆಗೆ ಬಂದ ಮೇಲೆ

ಮೂರು ದಿನ ಉಪ್ಪುಗಾಳಿ ಕುಡಿದ ಸೈಕಲ್ಲನ್ನು ಹಾಗೇ ಮೂಲೆಗೆ ಒರಗಿಸಬೇಡಿ. ಬಕೆಟ್ ಸಿಹಿನೀರು, ಹಳೆ ಬನಿಯನ್, ಅರ್ಧ ಗಂಟೆ. ಪೂರ್ತಿ ಒಣಗಿಸಿ ಚೈನಿನ ಒಂದೊಂದು ಕೊಂಡಿಗೂ ಒಂದೊಂದು ಹನಿ ಚೈನ್ ಎಣ್ಣೆ ಬಿಡಿ, ಮೇಲಿನದನ್ನು ಒರೆಸಿ. ಅವಸರಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈತೊಳೆದುಕೊಳ್ಳುವವರಿದ್ದಾರೆ. ಅದು ಇದ್ದ ಎಣ್ಣೆಯನ್ನೂ ತೊಳೆದು ಹಾಕುತ್ತದೆ, ವಾರದಲ್ಲಿ ಚೈನ್ ಕಿರ್ರೋ ಅನ್ನುತ್ತದೆ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ನಾನೇ ಒಮ್ಮೆ ಹಾಕಿದ್ದೆ. ಇರುವೆ ಬಂದವು.