ಮನೆಗೆ ಹೊಸ ರೂಟರ್: ಜಾಗ ಗೊತ್ತುಮಾಡುವುದರಿಂದ ಪಾಸ್‌ವರ್ಡ್‌ವರೆಗೆ

ಫೈಬರ್ ಸಂಪರ್ಕ ಕೊಡಲು ಬಂದವರು ಕೇಬಲ್ ಒಳಬಂದ ಕಿಟಕಿಯ ಪಕ್ಕದಲ್ಲೇ ರೂಟರ್ ತೂಗುಹಾಕಿ ಹೊರಡುವುದೇ ಹೆಚ್ಚು. ಅದಕ್ಕೆ ಒಪ್ಪಬೇಡಿ. ಕೇಬಲ್ ಎಳೆಯುವ ಮೊದಲೇ ಜಾಗವನ್ನು ನೀವು ತೋರಿಸಿ. ಮನೆಯ ನಡುಭಾಗದಲ್ಲಿ, ತಲೆಯೆತ್ತರದಲ್ಲಿ, ಸುತ್ತ ತೆರವಿರುವ ಕಡೆ ಇದ್ದರೆ ಒಳ್ಳೆಯದು. ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕದಲ್ಲಿ, ಫ್ರಿಜ್ ಮೇಲೆ ಖಂಡಿತ ಬೇಡ. ಲೋಹ ಸಿಗ್ನಲ್ಲನ್ನು ತಡೆಯುತ್ತದೆ. ನನ್ನ ಅತ್ತೆಯವರ ಮನೆಯಲ್ಲಿ ಅದು ಟಿವಿಯ ಹಿಂದಿತ್ತು. ಮಹಡಿಯ ಕೋಣೆಯಲ್ಲಿ ಮೊಮ್ಮಗಳೊಡನೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಿದ್ದರೆ ನಡುನಡುವೆ ಕಡಿದುಹೋಗುತ್ತಿತ್ತು. ಆರ್‌ಸಿಸಿ ಛಾವಣಿಯನ್ನು ದಾಟುವಾಗ ಸಿಗ್ನಲ್ ಸೊರಗುತ್ತದೆ. ಮೆಟ್ಟಿಲ ತಿರುವಿಗೆ ಸರಿಸಿದ ಮೇಲೆ ಆ ದೂರು ಬಂದಿಲ್ಲ.

ಫೈಬರ್ ಕೇಬಲ್ಲಿನೊಳಗಿರುವುದು ಗಾಜಿನ ಎಳೆ. ಮೂಲೆಯಲ್ಲಿ ಚೂಪಾಗಿ ಬಗ್ಗಿಸಿದರೆ ಬೆಳಕು ಸೋರಿ ಸಂಪರ್ಕ ಹದಗೆಡುತ್ತದೆ. ಮಿಕ್ಕ ಉದ್ದವನ್ನು ಅಗಲವಾದ ಸುರುಳಿ ಮಾಡಿ ಬಿಡಿ. ಕೇಬಲ್ಲಿನ ತುದಿಯೊಳಗೆ ಇಣುಕಿ ನೋಡಬೇಡಿ. ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾನಿಯನ್ನು ಮಾತ್ರ ಮಾಡಬಲ್ಲದು. ಮಕ್ಕಳಿಗೂ ತಿಳಿಹೇಳಿ.

ಸ್ವಿಚ್ ಹಾಕಿ ಕೆಲವು ನಿಮಿಷ ಕಾಯಿರಿ. ಕಂಪನಿಯ ಜಾಲಕ್ಕೆ ಸೇರಿದ್ದನ್ನು ತೋರಿಸುವ ‘ಪಿಒಎನ್’ (PON) ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಬೇಕು. ‘ಎಲ್‌ಒಎಸ್’ (LOS) ದೀಪ ಕೆಂಪಾಗಿದ್ದರೆ ಬೆಳಕು ರೂಟರ್‌ವರೆಗೆ ತಲುಪುತ್ತಿಲ್ಲ ಎಂದರ್ಥ. ಕೇಬಲ್ ಸಡಿಲವಾಗಿಲ್ಲ, ಮಡಚಿಲ್ಲ ಎಂದು ಖಚಿತವಾದರೆ ಕಂಪನಿಗೆ ದೂರು ಕೊಡಿ. ಪಿನ್ನಿನಿಂದ ಒತ್ತುವ ರಿಸೆಟ್ ಗುಂಡಿಗೆ ಕೈಹಾಕಬೇಡಿ. ಅವರು ತುಂಬಿಸಿಟ್ಟ ಸಂಪರ್ಕದ ವಿವರಗಳೆಲ್ಲ ಅಳಿಸಿಹೋಗುತ್ತವೆ.

ಇನ್ನು ಪಾಸ್‌ವರ್ಡ್. ಮನೆಯವರ ಮೊಬೈಲ್ ಸಂಖ್ಯೆಯನ್ನೇ ಇಟ್ಟುಬಿಡುವ ರೂಢಿ ನಮ್ಮಲ್ಲಿದೆ. ಆ ಸಂಖ್ಯೆ ಪರಿಚಿತರೆಲ್ಲರ ಬಳಿಯೂ ಇರುತ್ತದೆ, ಹಾಗಾಗಿ ಅದನ್ನು ಅಂದೇ ಬದಲಿಸಿ. ರೂಟರ್ ಅಡಿಯ ಚೀಟಿಯಲ್ಲಿ ಒಂದು ವಿಳಾಸವಿರುತ್ತದೆ, ಹೆಚ್ಚಾಗಿ 192.168.1.1. ವೈಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಅದನ್ನು ಟೈಪಿಸಿ, ಚೀಟಿಯಲ್ಲಿರುವ ಹೆಸರು, ಪಾಸ್‌ವರ್ಡ್ ಕೊಟ್ಟರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಒಳಗೆ ಹೋಗುವ ಈ ಪಾಸ್‌ವರ್ಡ್ ಬೇರೆ, ವೈಫೈ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಿಸಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ನೆನಪಿಡಲು ಸುಲಭ, ಊಹಿಸಲು ಕಷ್ಟ. ಭದ್ರತೆಯ ಆಯ್ಕೆಯಲ್ಲಿ ಡಬ್ಲ್ಯುಪಿಎ3 ಇದ್ದರೆ ಅದನ್ನು, ಇಲ್ಲದಿದ್ದರೆ ಡಬ್ಲ್ಯುಪಿಎ2 ಆರಿಸಿ.

ಎರಡು ವೈಫೈ ಹೆಸರುಗಳು ಕಂಡರೆ 5 ಗಿಗಾಹರ್ಟ್ಸ್‌ನದು ವೇಗದ್ದು, ಆದರೆ ಗೋಡೆಗಳೆದುರು ಬೇಗ ಸೋಲುತ್ತದೆ. 2.4ರದು ನಿಧಾನ, ದೂರದ ಕೋಣೆಗೂ ಮುಟ್ಟುತ್ತದೆ. ಟಿವಿ ಹತ್ತಿರವೇ ಇದ್ದರೆ ವೈಫೈ ಬದಲು ರೂಟರಿನಿಂದ ನೇರವಾಗಿ ಲ್ಯಾನ್ ಕೇಬಲ್ ಜೋಡಿಸಿ.

ಕರೆಂಟ್ ಆಗಾಗ ಹೋಗುವ ಊರಾದರೆ ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಕೊಳ್ಳಿ. ಅಂಗಡಿಗೆ ಹೋಗುವಾಗ ರೂಟರಿನ ಅಡಾಪ್ಟರ್ ಜೊತೆಗಿರಲಿ. ಅದರ ಮೇಲೆ 12 ವೋಲ್ಟ್ ಎಂದಿದ್ದರೆ ಯುಪಿಎಸ್ ಕೂಡ 12 ವೋಲ್ಟಿನದೇ ಆಗಿರಬೇಕು, ಪಿನ್ನಿನ ಗಾತ್ರವೂ ಹೊಂದಬೇಕು.